ಎರಡು ಸಲ ಬಂದ ಎರಡು ಗಂಟೆ

ಕಿವಿಯೊಳಗೊಬ್ಬಳು ಕೂತಿದ್ದಾಳೆ ಪಾಳಿ ಪೂರ್ತಿ.
ಹೆಸರಿಲ್ಲ, ಕೆಮ್ಮಿಲ್ಲ, ನೀರು ಕುಡಿಯುವುದಿಲ್ಲ.
'ಓಣಿ ನಲವತ್ತೇಳು. ಗೂಡು ಹನ್ನೆರಡು.'
ಗೂಡಿನ ಹಣೆಯ ಅಂಕಿ ಓದಿ ಒಪ್ಪಿಸುತ್ತೇನೆ:
'ಆರು, ಒಂಬತ್ತು.'
'ಮೂರು ಎತ್ತು.'
ಮೂರು ಎತ್ತುತ್ತೇನೆ.
ತಡವಾದರೆ ಮತ್ತೆ ಕೇಳುತ್ತಾಳೆ,
ಮಗ್ಗಿ ಮರೆತ ಹುಡುಗಿಯನ್ನು ಕೇಳಿದ ಹಾಗೆ, ಆದರೆ ಸಿಟ್ಟಿಲ್ಲದೆ.
ಸಿಟ್ಟಿದ್ದರೆ ಚೆನ್ನಾಗಿತ್ತು.

ಸ್ತ್ರಿಕುಫ್ ಹತ್ತಿರ ಎರಡು ಹೆದ್ದಾರಿ ಒಂದನ್ನೊಂದು ದಾಟುತ್ತವೆ,
ಅದಕ್ಕೇ ಇಲ್ಲಿ ಈ ಉಗ್ರಾಣ:
ರೈ ಬೆಳೆಯುತ್ತಿದ್ದ ಹೊಲದಲ್ಲಿ ಇಳಿಸಿಟ್ಟ ಬಿಳಿ ಡಬ್ಬ,
ಕಿಟಕಿಯೊಂದೂ ಇಲ್ಲ, ಬಾಗಿಲು ಎಂಬತ್ತನಾಲ್ಕು.
ಆ ಬದಿಗೆ ಬೆನ್ನು ಹಚ್ಚಿದ ಲಾರಿಯಿಂದ ಇಳಿದದ್ದು
ಬೆಳಗಾಗುವುದರೊಳಗೆ ಈ ಬದಿಯಿಂದ ಹೊರಡಬೇಕು.
ನಿಂತ ಸರಕು ಸತ್ತ ದುಡ್ಡು, ಅನ್ನುತ್ತಾನೆ ಬೊಗುಮಿಲ್,
ನಮ್ಮ ಪಾಳಿಯ ಯಜಮಾನ,
ತಾನು ನಿಂತುಕೊಂಡು, ಕಾಫಿ ಹೀರುತ್ತ.

ವಾರ್ಕಾದ ಸೇಬು ಬಂದರೆ ವಾಸನೆಯಲ್ಲೇ ತಿಳಿಯುತ್ತದೆ ನನಗೆ.
ನಾನು ಹುಟ್ಟಿದ ಊರು. ಅಲ್ಲಿ ತೋಟದ ಬೇಲಿಗೂ
ಈ ಕಂಪನಿಯ ಅಂಗಡಿಗೂ ನಡುವೆ
ಒಂದು ರಸ್ತೆ, ಒಂದು ಕುಂಟು ನಾಯಿ, ಅಷ್ಟೇ.
ಸೇಬು ಆ ರಸ್ತೆ ದಾಟುವುದಿಲ್ಲ.
ಲಾರಿ ಹತ್ತಿ ನೂರಮೂವತ್ತು ಕಿಲೋಮೀಟರು ಬಂದು,
ಮೈಮೇಲೊಂದು ಚೀಟಿ ಹಚ್ಚಿಸಿಕೊಂಡು,
ನಾಲ್ಕು ಡಿಗ್ರಿಯಲ್ಲಿ ಒಂದು ರಾತ್ರಿ ಮಲಗಿ,
ಮತ್ತೆ ನೂರಮೂವತ್ತು ಹೋಗಿ
ಅದೇ ನಾಯಿಯ ಎದುರು ಇಳಿಯುತ್ತದೆ.
ಮೊದಮೊದಲು ನಗುತ್ತಿದ್ದೆ. ಒರೆಸ್ತ್ ಲೆಕ್ಕ ಬಿಡಿಸಿ ತೋರಿಸಿದ:
ಸಾವಿರ ಅಂಗಡಿ ಸಾವಿರ ತೋಟವನ್ನು ಹುಡುಕಿ ಹೋಗುವುದಕ್ಕಿಂತ
ಎಲ್ಲವನ್ನೂ ಒಂದೇ ಅಂಗಳಕ್ಕೆ ಕರೆಯುವುದು ಅಗ್ಗ.
ಹಾರ್ಕಿವ್‌ನಲ್ಲಿ ಗಣಿತದ ಮೇಷ್ಟರಾಗಿದ್ದವನು ಅವನು;
ಈಗ ಎತ್ತುವ ಗಾಡಿಯಲ್ಲಿ ಕೂತು
ಹತ್ತು ಮೀಟರು ಮೇಲಿನ ಗೂಡಿಗೆ ಕತ್ತೆತ್ತಿ ಕತ್ತೆತ್ತಿ
ನೆಲದ ಮೇಲೂ ಹಾಗೇ ನಡೆಯುತ್ತಾನೆ,
ಯಾರೋ ಮೇಲಿನಿಂದ ಕೂಗಿದಂತೆ.

ಅಕ್ಟೋಬರಿನ ಕೊನೆಗೆ ದೀಪಗಳು ಬರುತ್ತವೆ.
ಸಮಾಧಿಯ ಮೇಲಿಡುವ ಗಾಜಿನ ದೀಪ,
ಕೆಂಪು, ಜೇನುಬಣ್ಣ, ಮುಚ್ಚಳದಲ್ಲಿ ಶಿಲುಬೆಯಾಕಾರದ ತೂತು,
ಅರವತ್ತು ತಾಸು ಉರಿಯುವುದು ಖಾತ್ರಿ ಎಂದು ಬರೆದಿದೆ.
ಇವಕ್ಕೆ ಗೂಡಿಲ್ಲ. ಲಾರಿಯಿಂದ ನೆಲಕ್ಕೆ,
ನೆಲದಿಂದ ಆಯಾ ಅಂಗಡಿಯ ರಾಶಿಗೆ.
ಎಷ್ಟು ಬೇಕೆಂದು ಅಂಗಡಿಯವರು ಕೇಳುವುದಿಲ್ಲ,
ಎಲ್ಲಿಯದೋ ಯಂತ್ರವೊಂದು ಹೇಳುತ್ತದೆ:
ಹೋದ ವರ್ಷದ ಮಾರಾಟ, ಈ ವಾರದ ಮಳೆ,
ಅದರ ಮೇಲೆ ಶೇಕಡಾ ನಾಲ್ಕು.

ಇವತ್ತು ಗಡಿಯಾರ ಹಿಂದೆ ಸರಿಯುವ ರಾತ್ರಿ.
ಮೂರಾಗಬೇಕಾದಲ್ಲಿ ಮತ್ತೊಮ್ಮೆ ಎರಡು.
ಮೊದಲ ಎರಡು ಗಂಟೆಯಲ್ಲಿ ರಾದೊಮ್‌ಗೆ
ಬಿಸ್ಕತ್ತು, ಬೆಕ್ಕಿನ ಊಟ ಕಟ್ಟಿದೆ.
ಎರಡನೆಯ ಎರಡು ಗಂಟೆಯಲ್ಲಿ ಅವಳೆಂದಳು:
'ಅಂಗಡಿ ಸೊನ್ನೆ ಆರು ಒಂದು ಎಂಟು.'
ವಾರ್ಕಾ.
'ದೀಪ, ಕೆಂಪು. ಪೆಟ್ಟಿಗೆ ಇಪ್ಪತ್ತಾರು.'

ಹೋದ ವರ್ಷ ಇಪ್ಪತ್ತೈದು. ನಾನೇ ಜೋಡಿಸಿದ್ದೆ.
ಮಾರ್ಚಿನಲ್ಲಿ, ಪಿಲಿತ್ಸಾ ಹೊಳೆಯ ಸೇತುವೆ ಇಳಿಯುವಲ್ಲಿ,
ತ್ಸೆಜಾರಿ ಬೈಕಿನಿಂದ ಬಿದ್ದ. ನನ್ನ ತಮ್ಮ.
ಯಂತ್ರಕ್ಕೆ ಯಾರೂ ಹೇಳಿಲ್ಲ ಅದನ್ನು.
ಆದರೂ ಲೆಕ್ಕ ತಪ್ಪಿಲ್ಲ. ಅದಕ್ಕೆ ಹೆಸರು ಬೇಡ,
ಊರೊಂದರಿಂದ ವರ್ಷಕ್ಕೆ ಎಷ್ಟು ಮಂದಿ ಮಣ್ಣಿಗೆ ಎಂಬುದು
ನಾಲ್ಕರೊಳಗೆ ಎಲ್ಲೋ ಕೂತುಬಿಡುತ್ತದೆ,
ಮಳೆಯ ಪಕ್ಕದಲ್ಲಿ.

ಇಪ್ಪತ್ತಾರನೆಯದನ್ನು ಎತ್ತಿಕೊಂಡು ನಿಂತೆ.
ಒಳಗೆ ಗಾಜಿಗೆ ಗಾಜು ತಾಕಿದ ಸಣ್ಣ ಸದ್ದು.
'ಎಣಿಕೆ ಹೇಳು.'
'ಎಣಿಕೆ ಹೇಳು.'
ಬೊಗುಮಿಲ್‌ನ ಪರದೆಯಲ್ಲಿ ನನ್ನ ಹೆಸರು ಕೆಂಪಾಗಿರಬೇಕು.
ಆಗಲಿ. ಈ ತಾಸು ಆಗಲೇ ಒಮ್ಮೆ ಕಳೆದುಹೋಗಿದೆ,
ಇದು ಯಾರ ಸ್ವತ್ತೂ ಅಲ್ಲ
(ಸಂಬಳದ ಚೀಟಿಯಲ್ಲಿ ಬರುತ್ತದೋ ಇಲ್ಲವೋ, ನೋಡಬೇಕು).

ಒಂದನೇ ತಾರೀಕು ಅಂಗಡಿಗೆ ರಜೆ.
ಹಿಂದಿನ ಸಂಜೆಯೇ ಹೋಗಿ ಸಾಲಿನಲ್ಲಿ ನಿಲ್ಲುತ್ತೇನೆ,
ನಾನೇ ಎತ್ತಿಟ್ಟದ್ದನ್ನು
ಆರು ಜ್ಲೋತಿ ತೊಂಬತ್ತೊಂಬತ್ತಕ್ಕೆ ಕೊಳ್ಳುತ್ತೇನೆ.
ಸಿಬ್ಬಂದಿಗೆ ರಿಯಾಯಿತಿ ಇದೆ, ದೀಪಕ್ಕಿಲ್ಲ.

ಪೆಟ್ಟಿಗೆಯನ್ನು ರಾಶಿಯ ತುದಿಗಿಟ್ಟೆ.
ಪ್ಲಾಸ್ಟಿಕ್ಕಿನ ತೆಳು ಹಾಳೆ ಹಿಡಿದು
ಸುತ್ತ ಬಂದೆ. ನಿಯಮದ ಪ್ರಕಾರ ಐದು ಸುತ್ತು.
ಏಳು ಬಂದೆ.

'ಇಪ್ಪತ್ತಾರು.'

'ಓಣಿ ಹತ್ತೊಂಬತ್ತು,' ಅಂದಳು.
ಹಲ್ಲುಜ್ಜುವ ಬ್ರಷ್ಷು, ಮಧ್ಯಮ. ಎಂಟು.